ಗೆರೆಯ ಈ ಕಡೆ ನನ್ನ ಲೆಕ್ಕ

ನವೆಂಬರ್ 19, ಮಂಗಳವಾರ. ಮಧ್ಯಾಹ್ನ 2:10

ಲೈಟ್ ಹೋಯಿತು. ಮೋಟಾರು ನಿಂತು ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಸಿಕ್ಕಿಕೊಂಡಿದೆ. ಬರುವವರೆಗೆ ಏನು ಮಾಡುವುದು? ಬರೆಯುವುದು. ಬಸವಕಲ್ಯಾಣದಲ್ಲಿ ಮಧ್ಯಾಹ್ನ ಲೈಟ್ ಸರಿಯಾಗಿ ಇದ್ದಿದ್ದರೆ ನನಗೆ ಈ ಚಟ ಹತ್ತುತ್ತಲೇ ಇರಲಿಲ್ಲ.

ಅತ್ತೆ ಒಳಗೆ ಮಲಗಿದ್ದಾರೆ. ನಮ್ಮ ಇವರು ಅಡತಿ ಅಂಗಡಿಯಲ್ಲಿ ಯಾರದೋ ತೊಗರಿಯ ತೂಕ ಬರೆದುಕೊಳ್ಳುತ್ತಿರಬೇಕು. ಮಗಳು ದೀಪಾಲಿ ಸ್ಕೂಲಿಗೆ ಹೋಗಿದ್ದಾಳೆ — ಏಳನೇ ಕ್ಲಾಸು, ಎರಡು ಜಡೆ, ಬಾಯಿ ಮಾತ್ರ ವಕೀಲರದ್ದು.

ಶನಿವಾರದ ಮಾತು ಇನ್ನೂ ತಲೆಯಲ್ಲಿ ತಿರುಗುತ್ತಿದೆ. ವಾರಕ್ಕೊಮ್ಮೆ ಹುಮನಾಬಾದಿನ ಹೊಲಿಗೆ ತರಬೇತಿ ಕೇಂದ್ರಕ್ಕೆ ಹೋಗಿ ಮಲಿಕಾ ಟೀಚರಿಗೆ ಸಹಾಯ ಮಾಡುತ್ತೇನಲ್ಲ, ಅವರು ಜೂನ್ ಕೊನೆಗೆ ನಿವೃತ್ತಿ. ಕೇಂದ್ರದ ದಿಗಂಬರ ಸರ್ ಒಳಗೆ ಕರೆದರು.

"ಕೆಲ್ಸ ನಿಮ್ದು ಛಲೋ ಅದ ವಿದ್ಯಾವತಿಯವ್ರೆ. ಆ ಜಾಗಕ್ಕ ನೀವೇ ಬರ್ರಿ. ಆದ್ರ ಎಸ್ಸೆಸ್ಸೆಲ್ಸಿ ಪಾಸ್ ಇರ್ಬೇಕು. ರೂಲ್ ಅಂದ್ರ ರೂಲ್."

ಗಣಿತ ಒಂದೇ ಬಾಕಿ. ಮದುವೆಗೆ ಮುಂಚಿನಿಂದಲೂ ಬಾಕಿ.

ಆ ಕೆಲಸ ನನಗೆ ಬೇಕು. ಇಲ್ಲಿ ಯಾರೂ ಓದುವುದಿಲ್ಲ, ನಾಚಿಕೆ ಯಾಕೆ — ಬೇಕೇ ಬೇಕು. ಇಪ್ಪತ್ತು ಹುಡುಗಿಯರ ಮುಂದೆ ನಿಂತು ಕಟಿಂಗ್ ತೋರಿಸುವಾಗ ನನ್ನ ದನಿಯೇ ಬೇರೆಯಾಗುತ್ತದೆ. ಇವರಿಗೆ ಹೇಳಿದರೆ, "ಹೆಸ್ರು ವಿದ್ಯಾವತಿ, ಗಣಿತದಾಗ ಫೇಲ್" ಎಂದು ನಕ್ಕರು. ಮರುದಿನ ಪರೀಕ್ಷೆಯ ಫಾರ್ಮ್ ತಂದುಕೊಟ್ಟವರೂ ಇವರೇ.

ಲೈಟ್ ಬಂತು.

ನವೆಂಬರ್ 24, ಭಾನುವಾರ. ಸಂಜೆ

ಅಂತೂ ಪಕ್ಕದ ಮನೆಗೆ ಹೋಗಿ ಬಂದೆ. ಮಹಜಬೀನ್ ಟೀಚರ್ ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ದಿನಾ ಎಂಟೂಕಾಲರ ಬಸ್ಸಿಗೆ ನಮ್ಮ ಹೊಲಿಗೆ ಅಂಗಡಿಯ ಮುಂದೆಯೇ ಹೋಗುತ್ತಾರೆ. ಅವರ ಸಲ್ವಾರುಗಳೆಲ್ಲ ನನ್ನ ಕೈಯವೇ. ಆದರೂ ಬಾಗಿಲು ತಟ್ಟುವ ಮುಂಚೆ ಸೆರಗನ್ನು ಎರಡು ಸಲ ಸರಿಮಾಡಿಕೊಂಡೆ. ಮೂವತ್ತಾರು ವರ್ಷದ ಹೆಂಗಸು, ಲೆಕ್ಕ ಕಲಿಸಿ ಎಂದು ಕೇಳಲು!

ನಗಲಿಲ್ಲ. ಚಹಾ ಕೊಟ್ಟರು. ಫೀಸ್ ಎಷ್ಟು ಎಂದೆ.

"ಫೀಸ್ ಗೀಸ್ ಬ್ಯಾಡ. ಸಂಜಿಗಿ ಅರ್ಧ ತಾಸು ಹೇಳ್ತೀನಿ. ದಿನಾ ಐದು ಲೆಕ್ಕ ಹೋಮ್‌ವರ್ಕ್. ಮುಂಜಾನಿ ಬಸ್ಸಿಗಿ ಹೋಗೋ ಮುಂದ ನಿಮ್ಮ ಅಂಗ್ಡಿ ಬಾಗಿಲ್ದಾಗ ನಿಂತು ನೋಡ್ತೀನಿ. ಲೆಕ್ಕ ಮಾಡಿಲ್ಲಂದ್ರ ಆ ದಿನ ಪಾಠ ಇಲ್ಲ. ಮಂಜೂರ?"

"ಮಂಜೂರ್ರಿ."

"ಮತ್ತ ಇನ್ನೊಂದು. ಇವತ್ತಿಂದ ನೀ ನನ್ನ ಸ್ಟೂಡೆಂಟ್. ಹೋಗ್ರಿ ಬರ್ರಿ ಎಲ್ಲಾ ಬಂದ್. ಬೈದ್ರ ಸಿಟ್ಟಾಗಬ್ಯಾಡ."

ಮನೆಗೆ ಬಂದು ಹೇಳಿದಾಗ ದೀಪಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಮ್ಮೀಗಿ ಹೋಮ್‌ವರ್ಕ್! ಮಮ್ಮೀಗಿ ಹೋಮ್‌ವರ್ಕ್!" ಓಣಿಗೆಲ್ಲ ಡಂಗುರ. ಇನ್ನು ನಾಳೆ ಬ್ಲೌಸಿಗೆ ಬರುವವರೆಲ್ಲ ಕೇಳುತ್ತಾರೆ, ನೋಡು.

ಡಿಸೆಂಬರ್ 3, ಮಂಗಳವಾರ. ಬೆಳಿಗ್ಗೆ 8:20

ಎರಡು ಸರಿ, ಮೂರು ತಪ್ಪು. ನಿನ್ನೆಗಿಂತ ಒಂದು ಹೆಚ್ಚು ಸರಿ.

ಟೀಚರ್ ಪರ್ಸು ಕಂಕುಳಲ್ಲಿ, ಕೆಂಪು ಪೆನ್ನು ಕೈಯಲ್ಲಿ. ಚಪ್ಪಲಿಯನ್ನೂ ಬಿಡುವುದಿಲ್ಲ, ಬಾಗಿಲಲ್ಲೇ ನಿಂತು ನೋಡುತ್ತಾರೆ. ಟಿಕ್, ಟಿಕ್, ಗೀಟು, ಗೀಟು, ಗೀಟು. ಹೋಗಿಯೇಬಿಟ್ಟರು. ಅಷ್ಟು ಹೊತ್ತೂ ನಾನು ಕೈ ಕಟ್ಟಿಕೊಂಡು ನಿಂತಿದ್ದೆ, ಸಣ್ಣ ಹುಡುಗಿಯ ಹಾಗೆ. ಬ್ಲೌಸ್ ಒಯ್ಯಲು ಬಂದಿದ್ದ ಹೆಂಗಸು ಬಾಯಿ ಬಿಟ್ಟು ನೋಡುತ್ತಿದ್ದಳು. ನೋಡಲಿ.

ಡಿಸೆಂಬರ್ 12, ಗುರುವಾರ. ಮಧ್ಯಾಹ್ನ

ಇವತ್ತು ಟೀಚರ್ ಬಾಗಿಲಲ್ಲೇ ನಕ್ಕುಬಿಟ್ಟರು. ಹೊಟ್ಟೆ ಹುಣ್ಣಾಗುವಷ್ಟು.

ಲೆಕ್ಕ ಇದು: ಶಂಕುವಿನ ಆಕಾರದ ಡೇರೆ. ತ್ರಿಜ್ಯ ಏಳು ಮೀಟರ್, ಓರೆ ಎತ್ತರ ಹತ್ತು ಮೀಟರ್. ಕ್ಯಾನ್ವಾಸ್ ಬಟ್ಟೆ ಎಷ್ಟು ಬೇಕು? ಸೂತ್ರ ಹಾಕಿದೆ. ಇನ್ನೂರಿಪ್ಪತ್ತು ಚದರ ಮೀಟರ್ ಬಂತು. ಆಮೇಲೆ ಹೊಲಿಗೆಗೆ, ಅಂಚು ಮಡಚುವುದಕ್ಕೆ ಎಂದು ಹತ್ತು ಕೂಡಿಸಿ ಇನ್ನೂರಮೂವತ್ತು ಬರೆದೆ. ಕೈ ತಾನಾಗಿ ಬರೆಯಿತು. ಇಷ್ಟು ವರ್ಷದಲ್ಲಿ ಮಾರ್ಜಿನ್ ಬಿಡದೆ ಒಂದು ಬಟ್ಟೆ ಕತ್ತರಿಸಿದವಳಲ್ಲ ನಾನು.

"ಪುಸ್ತಕದಾಗಿನ ಡೇರೆಗಿ ಹೊಲಿಗಿ ಇರಂಗಿಲ್ಲ ವಿದ್ಯಾ!"

"ಹೊಲಿಗಿ ಇಲ್ದ ಹ್ಯಾಂಗ ನಿಲ್ತದ್ರಿ ಅದು?"

"ನಿಲ್ಲಂಗಿಲ್ಲ. ಬರೀ ಲೆಕ್ಕದಾಗ ನಿಲ್ತದ. ಕೇಳಿದ್ದಷ್ಟೇ ಬರಿ. ಪರೀಕ್ಷಾದಾಗ ಮಾರ್ಜಿನ್ ಬಿಟ್ಟಿ ಅಂದ್ರ ಮಾರ್ಕ್ಸ್ ಹೋಗ್ತಾವ."

ಗೀಟು ಹಾಕಿದರು. ನನಗೂ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಬಸ್ಸಿಗೆ ಹೊರಟಾಗಲೂ ಅವರ ಹೆಗಲು ಕುಣಿಯುತ್ತಿತ್ತು.

ಡಿಸೆಂಬರ್ 19, ಗುರುವಾರ. ಸಂಜೆ 7

ಜಾಣತನ ಅಂದರೆ ಇದು.

ಒಂದು ಮದುವೆ ಮನೆಯ ಆರ್ಡರ್ ಬಂದಿದೆ, ಉಸಿರಾಡಲು ಪುರುಸೊತ್ತಿಲ್ಲ. ಅದರ ಮೇಲೆ ಐದು ಲೆಕ್ಕ. ಅದರ ಮೇಲೆ ದೀಪಾಲಿಯ ಪ್ರಾಜೆಕ್ಟ್, ಕರ್ನಾಟಕದ ನಕ್ಷೆ. ಅವಳ ನಕ್ಷೆ, ಚಾರ್ಟು, ಕಾಪಿ ಬರಹ ಎಲ್ಲ ಮೊದಲಿನಿಂದಲೂ ನಾನೇ ಮಾಡಿಕೊಡುವುದು. ಅವಳ ಕೋಳಿ ಕಾಲಿನ ಅಕ್ಷರ ನೋಡಿದರೆ ನನ್ನ ಕೈ ತಡೆಯುವುದಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಇರುವ 'ಗುಡ್' ಎಲ್ಲ ನನ್ನವು.

ಇವತ್ತು ಅವಳೇ ಉಪಾಯ ಹೇಳಿದಳು. "ಮಮ್ಮಿ, ನೀ ನನ್ನ ಮ್ಯಾಪ್ ತೆಗಿ. ನಾ ನಿನ್ನ ಲೆಕ್ಕ ಗೈಡ್ ನೋಡಿ ಇಳಿಸಿ ಕೊಡ್ತೀನಿ. ಆಮ್ಯಾಲ ನೀ ನಿನ್ನ ಅಕ್ಷರದಾಗ ಬರ್ಕೊ."

ತಪ್ಪೇನು? ಅಂಗಡಿ ನಡೆಯುವುದೇ ಹಾಗೆ. ಕಟಿಂಗ್ ನಾನು ಮಾಡುತ್ತೇನೆ, ಕಾಜ ಮತ್ತು ಹುಕ್ಕಿಗೆ ಓಣಿಯ ಕೊನೆಯ ಗಯಾಬಾಯಿಗೆ ಕೊಡುತ್ತೇನೆ. ಬ್ಲೌಸ್ ಯಾರದು ಎಂದರೆ ನನ್ನದೇ. ಎಲ್ಲವನ್ನೂ ಒಬ್ಬರೇ ಹೊಲಿಯಬೇಕು ಎಂದು ಯಾರೂ ಹೇಳುವುದಿಲ್ಲ.

ನಕ್ಷೆ ಮಾತ್ರ ಭಾರಿ ಚೆನ್ನಾಗಿ ಬಂದಿದೆ. ಬೀದರ್ ಜಿಲ್ಲೆಗೆ ಗುಲಾಬಿ ಬಣ್ಣ.

ಡಿಸೆಂಬರ್ 30, ಸೋಮವಾರ. ನಾರಾಯಣಪುರ

ಎಳ್ಳಮಾವಾಸ್ಯೆ. ಅತ್ತೆಯ ತಮ್ಮನ ಹೊಲದಲ್ಲಿದ್ದೇವೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಅಂಬಲಿ ಕುಡಿದು ಇವರು ಜೋಳದ ಬದುವಿನಲ್ಲೇ ನಿದ್ದೆ ಹೋಗಿದ್ದಾರೆ, ಬಾಯಿ ತೆರೆದುಕೊಂಡು. ಚೀಲದಲ್ಲಿ ಗಣಿತ ಪುಸ್ತಕ ತಂದಿದ್ದೆ. ತೆಗೆಯಲಿಲ್ಲ. ತೆಗೆಯುವುದೇಕೆ — ಹತ್ತು ದಿನದಿಂದ ಐದಕ್ಕೆ ಐದು ಟಿಕ್. ಟೀಚರ್ ಕೂಡ "ಸುಧಾರಿಸಾಕತ್ತೀ" ಎಂದರು. ದೀಪಾಲಿ ಕಣ್ಣು ಹೊಡೆದಳು.

ಬಿಸಿಲು ಹಿತವಾಗಿದೆ. ಸುಖವಾಗಿದ್ದೇನೆ.

ಜನವರಿ 7, ಮಂಗಳವಾರ. ಬೆಳಿಗ್ಗೆ 9:30

ಸಿಕ್ಕಿಬಿದ್ದೆ.

ಟೀಚರಿಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿನವರೆಗೆ ಕೂಡುತ್ತೇನೆ ಎಂದು ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ನಾನು ಚಹಾ ತಂದೆ. ಐದು ಟಿಕ್ ಹಾಕಿದರು. ಆಮೇಲೆ ಸುಮ್ಮನೆ, ಹೊತ್ತು ಕಳೆಯಲು ಎಂಬಂತೆ —

"ಇದೇ ಮೂರನೇದು, ಇಲ್ಲೇ ಇನ್ನೊಮ್ಮೆ ಮಾಡು. ಅಂಕಿ ಅಷ್ಟೇ ಬದಲಿ ಮಾಡೇನಿ."

ಚಾಕ್‌ಪೀಸಿನಿಂದ ಕಟಿಂಗ್ ಟೇಬಲ್ಲಿನ ಮೇಲೇ ಲೆಕ್ಕ ಬರೆದರು. ನಾನು ನೋಡಿದೆ. ನೋಡುತ್ತಲೇ ಇದ್ದೆ. ಮೊದಲ ಸಾಲೇ ಹೊಳೆಯಲಿಲ್ಲ.

"ನಿನ್ನಿ ರಾತ್ರಿ ಮಾಡೀದಿ ಇದು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ, ಎಲ್ಲವನ್ನೂ: ಗೈಡು, ದೀಪಾಲಿ, ನಕ್ಷೆ. ಗಯಾಬಾಯಿಯ ಕಾಜದ ಮಾತನ್ನೂ ಹೇಳಿದೆ, ನಗಲಿ ಎಂದು. ನಗಲಿಲ್ಲ.

"ಬ್ಲೌಸ್ ಹಾಕ್ಕೊಳ್ಳಾಕಿ ಬ್ಯಾರೆ, ಹೊಲಿಯಾಕಿ ಬ್ಯಾರೆ ನಡೀತದ. ಇದು ಹಂಗಲ್ಲ ವಿದ್ಯಾ. ಲೆಕ್ಕ ಮಾಡಿದಾಕೀಗೇ ಲೆಕ್ಕ ಬರ್ತದ. ಆ ಹುಡುಗೀದೂ ನೀ ಹಾಳ್ ಮಾಡಾಕತ್ತೀದಿ, ನಿಂದು ಆಕಿ ಹಾಳ್ ಮಾಡಾಕತ್ತಾಳ."

ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಸಂಜೆಯ ಪಾಠದ ಮಾತೇ ಎತ್ತಲಿಲ್ಲ.

ಜನವರಿ 9, ಗುರುವಾರ. ಸಂಜೆ

ದೀಪಾಲಿ ಅಳುತ್ತ ಬಂದಳು. ಚೀಲವನ್ನು ಬಾಗಿಲಲ್ಲೇ ಎಸೆದಳು.

ಕ್ಲಾಸಿನ ಸರ್ ಅವಳ ನಕ್ಷೆಯನ್ನು ಎಲ್ಲರಿಗಿಂತ ಚೆಂದ ಎಂದು ಗೋಡೆಗೆ ಹಾಕಿಸಿದರಂತೆ. ಆಮೇಲೆ ಅವಳನ್ನೇ ಕರೆದು, ಬೋರ್ಡ್ ಮೇಲಿನ ಖಾಲಿ ನಕ್ಷೆಯಲ್ಲಿ ನಮ್ಮ ಜಿಲ್ಲೆ ಎಲ್ಲಿದೆ, ಕಾರಂಜಾ ನದಿ ಎಲ್ಲಿದೆ ತೋರಿಸು ಎಂದರಂತೆ. ಕೋಲು ಹಿಡಿದು ನಿಂತಳಂತೆ. ಬೀದರನ್ನು ಕೊಡಗಿನ ಹತ್ತಿರ ತೋರಿಸಿದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ —

"ನೀ ಯಾಕ ತೆಗ್ದಿ? ನಾ ತೆಗೀತಿದ್ದೆ! ಸೊಟ್ಟ ಆದ್ರೂ ನಾ ತೆಗೀತಿದ್ದೆ! ಈಗ ಎಲ್ಲಾರ್ಗೂ ಗೊತ್ತಾಯ್ತು ನಂಗೇನೂ ಬರಂಗಿಲ್ಲಂತ!"

ಅತ್ತೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಮಷೀನಿನ ಮುಂದೆ ಕುಳಿತೆ. ಅವಳ 'ಗುಡ್' ಎಲ್ಲ ನಾನೇ ತಿಂದುಬಿಟ್ಟಿದ್ದೇನೆ.

ಜನವರಿ 20, ಸೋಮವಾರ. ಸಂಜೆ 6:40

ಬರೆಯದೆ ಎಷ್ಟು ದಿನವಾಯಿತು. ಟೀಚರ್ ಈಗ ಓಣಿಯ ಆ ಬದಿಯಿಂದ ಬಸ್ಸಿಗೆ ಹೋಗುತ್ತಾರೆ. ನನ್ನ ಅಂಗಡಿಯ ಕಡೆ ನೋಡುವುದೂ ಇಲ್ಲ. ಪರೀಕ್ಷೆಗೆ ಎರಡು ತಿಂಗಳು. ದಿಗಂಬರ ಸರ್ ಶನಿವಾರ "ಓದು ಹ್ಯಾಂಗ ನಡದದ್ರಿ?" ಎಂದರು. "ನಡದದ್ರಿ" ಎಂದೆ. ಎಲ್ಲಿ ನಡೆದಿದೆ, ಮಣ್ಣು.

ನಿನ್ನೆ ಗೈಡನ್ನು ಇವರ ಕೈಯಲ್ಲಿ ಕೊಟ್ಟು, ಅಡತಿ ಅಂಗಡಿಯಲ್ಲೇ ಇಟ್ಟುಬಿಡಿ, ಮನೆಗೆ ತರಬೇಡಿ ಎಂದೆ. ಇವರು ಏನೋ ಗೇಲಿ ಮಾಡಲು ಹೊರಟವರು ನನ್ನ ಮುಖ ನೋಡಿ ಸುಮ್ಮನೆ ಚೀಲದಲ್ಲಿ ಹಾಕಿಕೊಂಡರು.

ಕಟಿಂಗ್ ಟೇಬಲ್ಲಿನ ನಡುವೆ ಚಾಕಿನಿಂದ ಗೆರೆ ಹಾಕಿದೆ. ಆ ಕಡೆ ದೀಪಾಲಿಯದು, ಈ ಕಡೆ ನನ್ನದು. ಆರರಿಂದ ಏಳು. ಅವಳ ಪುಸ್ತಕಕ್ಕೆ ನಾನು ಕೈ ಹಚ್ಚುವ ಹಾಗಿಲ್ಲ, ನನ್ನದಕ್ಕೆ ಅವಳು. ಅತ್ತೆಗೆ ಹೇಳಿದೆ. ಅವರು ಮಣೆ ಹಾಕಿಕೊಂಡು ನಡುವೆ ಕುಳಿತು ತೊಗರಿಕಾಯಿ ಬಿಡಿಸುತ್ತ ಕಾವಲು ಕಾಯುತ್ತಿದ್ದಾರೆ. ಇವತ್ತು ನಾನು ದೀಪಾಲಿಯ ರಬ್ಬರ್ ತೆಗೆದುಕೊಳ್ಳಲು ಕೈ ಚಾಚಿದರೆ —

"ಏ ವಿದ್ಯಾ! ಗೆರಿ!"

ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನನ್ನ ಅತ್ತೆ ನನಗೆ ಇಷ್ಟು ಜೋರು ಮಾಡಿದ್ದು ಮದುವೆಯಾದ ಹೊಸತರಲ್ಲೂ ಇಲ್ಲ.

ಐದು ಲೆಕ್ಕ ಮಾಡಿದೆ. ಹಳೆಯವೇ, ಗೈಡಿನಿಂದ ಇಳಿಸಿದ್ದವು. ಬೆವರು ಬಂತು. ಈಗ ನೋಟ್‌ಬುಕ್ ತೆಗೆದುಕೊಂಡು ಪಕ್ಕದ ಮನೆಗೆ ಹೋಗುತ್ತೇನೆ.

ಅದೇ ದಿನ, 7:30

ಐದರಲ್ಲಿ ನಾಲ್ಕು ತಪ್ಪು. ಟೀಚರ್ ನಾಲ್ಕು ಗೀಟು ಹಾಕಿದರು.

"ಇವು ನಿನ್ನ ತಪ್ಪು" ಎಂದರು. ಮುಖದಲ್ಲಿ ನಗು. "ನಾಕೂ ನಿಂದೇ. ಬಾ, ಕೂಡು."

ಕುಳಿತೆ. ಎಷ್ಟು ಹಗುರವಾಯಿತು ಎಂದರೆ ಅತ್ತುಬಿಡಬೇಕೆನಿಸಿತು.

ಫೆಬ್ರವರಿ 4, ಮಂಗಳವಾರ. ಮಧ್ಯಾಹ್ನ 1:45

ಲೈಟ್ ಇಲ್ಲ. ಮೂರು ಸರಿ, ಎರಡು ತಪ್ಪು.

ದೀಪಾಲಿ ಹೊಸ ನಕ್ಷೆ ತೆಗೆದಿದ್ದಾಳೆ, ಈ ಸಲ ಭಾರತದ್ದು. ಗುಜರಾತ್ ಬೆಕ್ಕಿನ ಮುಖದಂತಾಗಿದೆ. ಶ್ರೀಲಂಕಾ ಎಲ್ಲೋ ತೇಲಿಹೋಗಿದೆ. ನದಿಗಳಿಗೆಲ್ಲ ಒಂದೇ ದಪ್ಪ. ಮೊನ್ನೆ ಸಂಜೆ ಗೆರೆಯ ಈ ಕಡೆ ಕುಳಿತು ನೋಡುತ್ತ ನೋಡುತ್ತ ನನ್ನ ಬೆರಳು ತುರಿಸಿತು. ಬರೀ ಆ ಗುಜರಾತ್ ಒಂದನ್ನು ಸ್ವಲ್ಪ ಸರಿಮಾಡಿ... ಅತ್ತೆ ಕೆಮ್ಮಿದರು. ನನ್ನ ತ್ರಿಭುಜಕ್ಕೆ ತಿರುಗಿದೆ.

ಹತ್ತಕ್ಕೆ ಆರು ಕೊಟ್ಟಿದ್ದಾರೆ. 'ಗುಡ್' ಇಲ್ಲ. ಆದರೆ ಅವಳು ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ತಾನೇ ಅಂಟಿಸಿ, ರೊಟ್ಟಿ ತಿನ್ನುವಾಗ ಅಪ್ಪನಿಗೆ ಒಂದೊಂದೇ ರಾಜ್ಯ ಕೇಳುತ್ತಿದ್ದಾಳೆ. ಇವರು ಬಿಹಾರಕ್ಕೆ ಒರಿಸ್ಸಾ ಎಂದರು. "ಪಪ್ಪಾ, ನಿಮಗ ಹೋಮ್‌ವರ್ಕ್ ಕೊಡ್ಬೇಕಾಗ್ತದ" ಎಂದಳು. ಇವರು ತಟ್ಟೆ ಎತ್ತಿಕೊಂಡು ಹೊರಗೆ ಹೋದರು.

ಫೆಬ್ರವರಿ 22, ಶನಿವಾರ. ಹುಮನಾಬಾದ್ ಬಸ್ ಸ್ಟ್ಯಾಂಡ್, ಸಂಜೆ

ಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದೇನೆ. ಬೆಳಿಗ್ಗೆ ಬರುವಾಗ ಸಸ್ತಾಪುರ ಬಂಗ್ಲಾದಿಂದ ರಾಜೇಶ್ವರದವರೆಗೆ ಎರಡು ಲೆಕ್ಕ ಮುಗಿಸಿದೆ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು. ಅಂಕಿಗಳು ಕುಣಿದಿವೆ, ಉತ್ತರ ಕುಣಿದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿ, "ಆಂಟಿ, ಟೀಚರ್ ಅದೀರೇನ್ರಿ?" ಎಂದಳು. ಇನ್ನೂ ಇಲ್ಲ ಎಂದೆ.

ಈಗ ಆರು ಗಂಟೆಯಾದರೆ ಮೈ ತಾನಾಗಿ ಟೇಬಲ್ಲಿನ ಕಡೆ ಹೋಗುತ್ತದೆ. ಮೊದಲೆಲ್ಲ ದೀಪಾಲಿಗೆ "ಓದು, ಓದು" ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದೆ. ಕೂಗಿ ಯಾವ ಕಾಲವಾಯಿತೋ. ನಿನ್ನೆ ನಾನು ಗಿರಾಕಿಯ ಜೊತೆ ಮಾತಿಗೆ ನಿಂತಿದ್ದರೆ ಅವಳೇ ಒಳಗಿನಿಂದ ಕರೆದಳು: "ಮಮ್ಮಿ, ಆರು ಹೊಡೀತು."

ಬಸ್ಸು ಬಂತು. ಸೀಟು ಹಿಡಿಯಬೇಕು.

ಮಾರ್ಚ್ 24, ಸೋಮವಾರ. ಸಂಜೆ

ಪರೀಕ್ಷೆ ಮುಗಿಯಿತು. ನನ್ನ ಬೆಂಚಿನ ಸುತ್ತ ಎಲ್ಲ ಯೂನಿಫಾರ್ಮಿನ ಮಕ್ಕಳು. ಒಬ್ಬಳು ನನ್ನನ್ನು ಮೇಲ್ವಿಚಾರಕಿ ಎಂದು ತಿಳಿದು ಎದ್ದು ನಿಂತಳು.

ಬರುವ ಲೆಕ್ಕಗಳೇ ಇದ್ದವು. ಆದರೆ ಮೊದಲನೆಯದನ್ನೇ ಮೂರು ಸಲ ಮಾಡಿದೆ. ಬಟ್ಟೆ ಕತ್ತರಿಸುವ ಮುಂಚೆ ಮೂರು ಸಲ ಅಳೆಯುವ ಅಭ್ಯಾಸ, ಅಲ್ಲೂ ಬಿಡಲಿಲ್ಲ. ಕೊನೆಯ ಪುಟಕ್ಕೆ ಬರುವಾಗ ಬೆಲ್ ಹೊಡೆಯಿತು. ಗೊತ್ತಿದ್ದ ಲೆಕ್ಕ ಬಿಟ್ಟು ಬಂದೆ.

ಇವರು ಬಿಸಿ ಮಿರ್ಚಿ ತಂದಿದ್ದಾರೆ. ತಿಂದೆ.

ಮೇ 2, ಶುಕ್ರವಾರ. ಮಧ್ಯಾಹ್ನ 3

ಫೇಲ್. ಮೂರು ಅಂಕ ಕಡಿಮೆ.

ಇವರು ಫೋನ್ ತೋರಿಸಲಿಲ್ಲ. ನಾನೇ ಕಸಿದುಕೊಂಡು ನೋಡಿದೆ. ಅತ್ತೆ ಶಾವಿಗೆ ಮಾಡಲು ಎದ್ದರು. ಹಬ್ಬವೇ ಎಂದರೆ, "ಬಾಯಿ ಸಿಹಿ ಮಾಡಾಕ ಹಬ್ಬಾ ಯಾಕ ಬೇಕು" ಎಂದರು. ದೀಪಾಲಿ ಎಂಟನೇ ಕ್ಲಾಸಿಗೆ ಪಾಸಾದ ಖುಷಿಯನ್ನೂ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಾಳೆ. ಅದು ನನಗೆ ಫೇಲಾದದ್ದಕ್ಕಿಂತ ಹೆಚ್ಚು ಚುಚ್ಚಿತು.

ದಿಗಂಬರ ಸರ್‌ಗೆ ಫೋನ್ ಮಾಡಿದೆ. ಈ ತಿಂಗಳ ಕೊನೆಗೆ ಎರಡನೆಯ ಪರೀಕ್ಷೆ ಇದೆಯಲ್ಲ, ಅಲ್ಲಿಯವರೆಗೆ ಕಾಯುತ್ತೀರಾ ಎಂದು ಕೇಳಿದೆ.

"ಜುಲೈ ಒಂದಕ್ಕ ಹೊಸ ಬ್ಯಾಚ್ ಶುರು. ಜೂನ್ ಮುಗಿಯೋ ತನಕ ಜಾಗ ಖಾಲಿ ಇಡ್ತೀನ್ರಿ. ಅದ್ರ ಮ್ಯಾಲ ನನ್ನ ಕೈಯಾಗಿಲ್ಲ."

ಇನ್ನೊಂದೇ ಸಲ. ಇದೇ ಕೊನೆ.

ಮೇ 5, ಸೋಮವಾರ. ಸಂಜೆ 6:15

ಮಹಜಬೀನ್ ಟೀಚರ್ ರಜೆಗೆ ಹೈದರಾಬಾದಿನ ಅಕ್ಕನ ಮನೆಗೆ ಹೋಗಿದ್ದಾರೆ. ಬರುವುದು ಜೂನ್‌ನಲ್ಲಿ. ಅವರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಈಗ ಲೆಕ್ಕ ಯಾರು ಕೊಡಬೇಕು, ಬೆಳಿಗ್ಗೆ ಯಾರು ನೋಡಬೇಕು?

"ಯಾರೂ ಬ್ಯಾಡ" ಎಂದರು. "ಐದು ಲೆಕ್ಕ ನೀನೇ ಕೊಟ್ಕೊ. ಉತ್ತರ ಪುಸ್ತಕದ ಹಿಂದ ಅದ, ಮುಗಿದ ಮ್ಯಾಲ ನೋಡು. ನಿಂಗ ಈಗ ನಾ ಬೇಕಾಗಿಲ್ಲ ವಿದ್ಯಾ. ತಡಾ ಮಾಡಿ ಹೇಳಾಕತ್ತೀನಿ, ಅಷ್ಟೇ."

ಫೋನ್ ಇಟ್ಟು ಗೆರೆಯ ಈ ಕಡೆ ಕುಳಿತೆ. ಪುಸ್ತಕ ತೆರೆದು ಐದು ಆರಿಸಿಕೊಂಡೆ. ದೀಪಾಲಿಗೆ ರಜೆ, ಹೋಮ್‌ವರ್ಕ್ ಇಲ್ಲ. ಆದರೂ ಆರು ಗಂಟೆಗೆ ಆ ಕಡೆ ಬಂದು ಕುಳಿತು ಯಾವುದೋ ಕಥೆ ಪುಸ್ತಕ ಓದುತ್ತಿದ್ದಾಳೆ. ಕತ್ತು ಉದ್ದ ಮಾಡಿ ನನ್ನ ಕಡೆ ನೋಡಿದಳು. ನೋಡಬಹುದು, ಮುಟ್ಟಬಾರದು.

"ಮಮ್ಮಿ, ಸರಳ ಸರಳ ಆರಿಸ್ಕೊಂಡೀದಿ."

ಸಂತೆಯಲ್ಲಿ ಮೆತ್ತಗಿನ ಬದನೆಕಾಯಿ ಆರಿಸಿದ ಹಾಗೆ ಆರಿಸಿದ್ದೆ, ನಿಜ. ಮೂರು ಅಳಿಸಿ, ಹೆದರಿಕೆಯಾಗುವ ಮೂರು ಬರೆದುಕೊಂಡೆ.

ಮೇ 16, ಶುಕ್ರವಾರ. ಮಧ್ಯಾಹ್ನ

ಮದುವೆಯ ಕಾಲ. ಟೇಬಲ್ಲಿನ ಕೆಳಗೆ ಬ್ಲೌಸ್ ಪೀಸುಗಳ ಗುಡ್ಡ. ಇವತ್ತು ನಮ್ಮ ಓಣಿಯ ರೂಪಾಲಿಯ ತಾಯಿ ಮಗಳ ಮದುವೆಗೆ ಎಂಟು ಬ್ಲೌಸ್ ತಂದು, ಸಂಜೆಯೂ ಕುಳಿತು ಹೊಲಿದುಕೊಡು ಎಂದು ದುಂಬಾಲು ಬಿದ್ದರು.

"ಆರರಿಂದ ಏಳು ಆಗಂಗಿಲ್ರಿ. ಬಾಕಿ ಎಲ್ಲಾ ಹೊತ್ತು ನಿಮ್ದೇ."

"ಆ ಹೊತ್ತಿಗಿ ಏನ್ ಮಾಡ್ತಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ: "ಹೋಮ್‌ವರ್ಕ್ ಮಾಡ್ತಾಳ ನಮ್ಮ ಸೊಸಿ!"

ಆ ಪದವನ್ನು ಅವರ ಬಾಯಲ್ಲಿ ಕೇಳಬೇಕು. ಎದೆ ಉಬ್ಬಿತು, ಏನು ಸುಳ್ಳು ಹೇಳಲಿ. ರೂಪಾಲಿಯ ತಾಯಿ ಎಂಟೂ ಬ್ಲೌಸ್ ನನ್ನ ಹತ್ತಿರವೇ ಬಿಟ್ಟು ಹೋದರು. ಹಗಲೆಲ್ಲ ತುಳಿದರೆ ಮುಗಿಯುತ್ತದೆ.

ನಿನ್ನೆ ಐದಕ್ಕೆ ನಾಲ್ಕು ಸರಿ. ಹೆದರಿಕೆಯವೂ ಸೇರಿ.

ಮೇ 30, ಶುಕ್ರವಾರ

ಗಣಿತ ಬರೆದು ಬಂದೆ. ಈ ಸಲ ಒಂದೊಂದು ಲೆಕ್ಕ ಒಂದೊಂದೇ ಸಲ. ಒಂದು ಮಾತ್ರ ಬಿಟ್ಟುಹೋಯಿತು. ಹೇಗೆ ಆಗಿದೆ ಎಂದರೆ — ಗೊತ್ತಿಲ್ಲ. ಯಾರೂ ಕೇಳಬೇಡಿ.

ಮನೆಗೆ ಬಂದು ಮಲಗಿದವಳು ಆರಕ್ಕೆ ಎದ್ದೆ. ಮಾಡಲು ಏನೂ ಇಲ್ಲ ಎಂದು ನೆನಪಾಗಿ ಮತ್ತೆ ಮಲಗಿದೆ. ನಿದ್ದೆ ಬರಲಿಲ್ಲ.

ಜೂನ್ 13, ಶುಕ್ರವಾರ. ಸಂಜೆ 6:20

ಇವತ್ತೇ ರಿಸಲ್ಟ್. ಮಧ್ಯಾಹ್ನದಿಂದ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ, ತೆರೆಯುವುದಿಲ್ಲ. ಕೊನೆಗೆ ಇವರು ಗಾಡಿ ತೆಗೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದಾರೆ. ನಾನು ಬರುವುದಿಲ್ಲ ಎಂದೆ. ಪಾಸಾದರೆ ಜುಲೈ ಒಂದಕ್ಕೆ ಹುಮನಾಬಾದ್. ಇಲ್ಲದಿದ್ದರೆ... ಬೇಡ, ಬರೆಯುವುದಿಲ್ಲ.

ಟೇಬಲ್ಲಿನ ಆ ಕಡೆ ದೀಪಾಲಿ ಎಂಟನೆಯ ಹೋಮ್‌ವರ್ಕ್ ಮಾಡುತ್ತಿದ್ದಾಳೆ. ಸ್ಕೂಲು ಶುರುವಾಗಿ ಎರಡು ವಾರ, ನಾನು ಒಮ್ಮೆಯೂ ನೆನಪಿಸಿಲ್ಲ. ನಡುವೆ ತಲೆ ಎತ್ತಿ, "ಮಮ್ಮಿ, ಹೇಳಿಕೊಡಬ್ಯಾಡ. ತಪ್ಪದನೋ ಬರೋಬ್ಬರಿ ಅದನೋ ಅಷ್ಟೇ ಹೇಳು" ಎಂದಳು. ನೋಡಿದೆ. ತಪ್ಪು ಎಂದೆ. ತಾನೇ ಅಳಿಸಿ ಮತ್ತೆ ಶುರುಮಾಡಿದ್ದಾಳೆ.

ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ. ಪರೀಕ್ಷೆಯಲ್ಲಿ ಬಿಟ್ಟುಬಂದ ಲೆಕ್ಕ ಅಂದಿನಿಂದ ತಲೆ ತಿನ್ನುತ್ತಿದೆ. ನನ್ನ ನೋಟ್‌ಬುಕ್ ತುಂಬಿಹೋಗಿದೆ. ಇಲ್ಲೇ ಮಾಡಿಬಿಡುತ್ತೇನೆ.

ಒಂದು ಬಸ್ಸು ನೂರೈವತ್ತು ಕಿಲೋಮೀಟರ್ ಹೋಗುತ್ತದೆ. ಗಂಟೆಗೆ ಐದು ಕಿಲೋಮೀಟರ್ ಜೋರಾಗಿ ಹೋಗಿದ್ದರೆ ಒಂದು ತಾಸು ಬೇಗ ಮುಟ್ಟುತ್ತಿತ್ತು. ವೇಗ ಎಷ್ಟು? ವೇಗ x ಇರಲಿ. ಅಡ್ಡ ಗುಣಿಸಿದರೆ x² + 5x − 750 = 0. ಇಲ್ಲಿಯವರೆಗೆ ಪರೀಕ್ಷೆಯಲ್ಲೂ ಬಂದಿತ್ತು. ಇಲ್ಲೇ ನಿಂತಿದ್ದೆ. ಈಗ ಎರಡು ಸಂಖ್ಯೆ ಬೇಕು — ಗುಣಿಸಿದರೆ ಏಳುನೂರೈವತ್ತು, ನಡುವಿನ ಅಂತರ ಐದು. ಹದಿನೈದು, ಐವತ್ತು? ಅಲ್ಲ.

ಓಣಿಯ ತಿರುವಿನಲ್ಲಿ ಹಾರ್ನ್. ಇವರೇ. ಒಂದೇ ಸಮನೆ ಬಾರಿಸುತ್ತ ಬರುತ್ತಿದ್ದಾರೆ. "ವಿದ್ಯಾ! ಏ ವಿದ್ಯಾ! ಪಾಸ್! ಪಾಸ್ ಆದೀ!" ಓಣಿಗೆಲ್ಲ ಕೇಳಿಸುತ್ತಿದೆ. ಅತ್ತೆ ಮಣೆ ಬಿಟ್ಟು ಬಾಗಿಲಿಗೆ ಓಡಿದರು. ದೀಪಾಲಿ ಗೆರೆ ಗಿರೆ ಎಲ್ಲ ದಾಟಿ ಬಂದು ನನ್ನ ಕೊರಳಿಗೆ ಬಿದ್ದಿದ್ದಾಳೆ, ಅಕ್ಷರ ಸೊಟ್ಟ ಬರುತ್ತಿವೆ. ಕಣ್ಣು ತುಂಬಿ ಹಾಳೆ ಕಾಣುತ್ತಿಲ್ಲ. ಬಂದೆ, ಬಂದೆ ಎಂದೆ. ಒಂದೇ ನಿಮಿಷ ತಡೆಯಿರಿ ಎಂದೆ. ಮೂವತ್ತು, ಇಪ್ಪತ್ತೈದು! ಗುಣಿಸಿದರೆ ಏಳುನೂರೈವತ್ತು, ಅಂತರ ಐದು, ಹಾಗಾದರೆ x —